ಸ್ವಭಕ್ಷಣವೂ ಹೃದ್ರೋಗಚಿಕಿತ್ಸೆಯೂ

ಜೀವಕೋಶವು ತನ್ನೊಳಗೆ ಜೀರ್ಣವಾದ ಭಾಗಗಳನ್ನು ತಾನೇ ಸುತ್ತುವರಿದು ಅರಗಿಸಿ, ಅವುಗಳ ಸಾರವನ್ನು ಮರಳಿ ಉಪಯೋಗಿಸಿಕೊಳ್ಳುವುದುಂಟು. ಈ ವ್ಯಾಪಾರಕ್ಕೆ ಶಾಸ್ತ್ರಜ್ಞರು ‘ಆಟೊಫೆಜಿ’ ಎನ್ನುವರು. ಗ್ರೀಕ್ ಭಾಷೆಯ ಎರಡು ಪದಗಳಿಂದಾದ ಈ ಶಬ್ದವನ್ನು ‘ಸ್ವಭಕ್ಷಣ’ವೆಂದು ಕನ್ನಡಿಸಬಹುದು. ಇಂದಿನ ಅರ್ಥದಲ್ಲಿ ಇದನ್ನು 1963ರಲ್ಲಿ ಬಳಕೆಗೆ ತಂದವರು ಬೆಲ್ಜಿಯಂ ದೇಶದ ಕ್ರಿಶ್ಚಿಯನ್ ದ ದೂವ್ ಅವರು. ಅರಗಿಸುವ ಕಾರ್ಯವನ್ನು ನಡೆಸುವ ‘ಲೈಸೊಸೋಮ್’ ಎಂಬ ಕೋಶಾಂಗಕ್ಕೆ 1955ರಲ್ಲಿ ಹೆಸರಿಟ್ಟವರೂ ಅವರೇ.

ಹೆಸರು ಹುಟ್ಟಿದರೂ ಮರ್ಮವು ತಿಳಿಯಲು ಸುಮಾರು ಮೂವತ್ತು ವರ್ಷಗಳು ಹಿಡಿದುವು. ಜಪಾನಿನ ಯೊಶಿನೊರಿ ಓಸುಮಿ ಅವರು ಆಹಾರವಿಲ್ಲದೆ ಇರಿಸಿದ ಯೀಸ್ಟ್ ಕೋಶಗಳಲ್ಲಿ ಈ ಕ್ರಿಯೆಯನ್ನು ಕಂಡು 1992ರಲ್ಲಿ ಪ್ರಕಟಿಸಿದರು. ಮರುವರ್ಷವೇ ಅದಕ್ಕೆ ಅವಶ್ಯವಾದ ಜೀನುಗಳ ಶೋಧಕ್ಕೆ ದಾರಿಮಾಡಿದರು. 2016ರ ನೊಬೆಲ್ ಪಾರಿತೋಷಕವು ಅವರಿಗೆ ಸಂದುದು ಇದಕ್ಕಾಗಿಯೇ.

ಹೃದಯಕ್ಕೆ ಇದರಿಂದ ಏನು ಪ್ರಯೋಜನವೆಂದು ವಾಚಕರು ಕೇಳಬಹುದು. ಹೃದಯದ ಸ್ನಾಯುಕೋಶಗಳು ಬಹು ಮೆಲ್ಲನೆ ಹೊಸದಾಗುವುವು. ಇಪ್ಪತ್ತೈದರ ವಯಸ್ಸಿನಲ್ಲಿಯೂ ವರ್ಷಕ್ಕೆ ನೂರಕ್ಕೆ ಒಂದರಷ್ಟು ಮಾತ್ರವೆಂದು 2009ರಲ್ಲಿ ಗಣಿಸಲಾಯಿತು. ಹೊಸ ಮನೆಯನ್ನು ಕಟ್ಟಲಾರದವನು ಇರುವ ಮನೆಯನ್ನೇ ಗುಡಿಸಿ ಸಾರಿಸಿಕೊಳ್ಳಬೇಕಷ್ಟೆ. 2007ರಲ್ಲಿ ಜಪಾನಿನ ಸಂಶೋಧಕರು ಬೆಳೆದ ಇಲಿಗಳ ಹೃದಯದಲ್ಲಿ ಸ್ವಭಕ್ಷಣದ ಜೀನೊಂದನ್ನು ತೆಗೆದುಹಾಕಲು, ಹೃದಯವು ಹಿಗ್ಗಿ ಶಕ್ತಿಗುಂದಿತು. ಆದರೆ ಅದೇ ವರ್ಷ ಅಮೆರಿಕೆಯ ಸಂಶೋಧಕರು ಇದಕ್ಕೆ ವಿರುದ್ಧವೆಂದು ತೋರುವ ಸಂಗತಿಯನ್ನು ಕಂಡರು: ರಕ್ತದ ಒತ್ತಡದ ಭಾರವು ಹೆಚ್ಚಿದ ಹೃದಯದಲ್ಲಿ ಸ್ವಭಕ್ಷಣವನ್ನು ಏರಿಸಿದರೆ ಕೇಡು ಬಲಿಯುವುದು, ತಗ್ಗಿಸಿದರೆ ಕಡಮೆಯಾಗುವುದು. ಈ ಎರಡು ಫಲಗಳಲ್ಲಿ ಒಂದನ್ನು ತಳ್ಳಿ ಇನ್ನೊಂದನ್ನು ಹಿಡಿಯಬೇಕಾಗಿಲ್ಲ. ಕ್ರಿಯೆ ಒಂದೇ; ಅದರ ಪ್ರಮಾಣವೂ ಹೃದಯದ ಸ್ಥಿತಿಯೂ ಬೇರೆ.

ಡ್ಯಾನನ್ ರೋಗದ ಚರಿತ್ರೆಯು ಇದರ ಮಹತ್ತ್ವವನ್ನು ಮನುಷ್ಯರಲ್ಲಿಯೇ ತೋರಿಸುವುದು. 1981ರಲ್ಲಿ ವರ್ಣಿತವಾದ ಈ ವಂಶಪಾರಂಪರ್ಯದ ರೋಗಕ್ಕೆ ಲೈಸೊಸೋಮಿನ ಪೊರೆಯ ಪ್ರೋಟೀನೊಂದರ ಕೊರತೆಯೇ ಕಾರಣವೆಂದು 2000ದಲ್ಲಿ ಗೊತ್ತಾಯಿತು. ಅರಗದೆ ಉಳಿದ ಕಸವು ತರುಣರ ಹೃದಯದಲ್ಲಿ ತುಂಬಿಕೊಳ್ಳುವುದು. ಕೊರತೆಯಾದ ಜೀನನ್ನು ದೇಹಕ್ಕೆ ಸೇರಿಸುವ ಚಿಕಿತ್ಸೆಯ ಮೊದಲ ಫಲಿತಾಂಶವು 2024ರಲ್ಲಿ ಪ್ರಕಟವಾಗಿ ಆಶೆಯನ್ನು ಹುಟ್ಟಿಸಿತು. ಆದರೆ 2025ರಲ್ಲಿ, ಪ್ರಯೋಗದ ಮುಂದಿನ ಹಂತದಲ್ಲಿ, ಒಬ್ಬ ರೋಗಿಯು ಮೃತಪಟ್ಟುದರಿಂದ ಅದನ್ನು ಕೆಲಕಾಲ ತಡೆಹಿಡಿಯಬೇಕಾಯಿತು.

ಆದುದರಿಂದ ಸ್ವಭಕ್ಷಣವನ್ನು ಕೇವಲ ಹೆಚ್ಚಿಸುವುದೇ ಹೃದ್ರೋಗಕ್ಕೆ ಔಷಧವೆಂದು ಹೇಳುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಯಾವ ಹೃದಯಕ್ಕೆ, ಯಾವಾಗ, ಎಷ್ಟು ಎಂಬುದನ್ನು ನಿರ್ಣಯಿಸುವುದರಲ್ಲಿಯೇ ಚಿಕಿತ್ಸೆಯ ಸಾಫಲ್ಯವಿರುವುದು.