ಟ್ಯಾಂಕಿನೊಳಗೆ ಎಷ್ಟಿದೆ?
ಬೆಳಗಾವಿಯ ಉತ್ತರಕ್ಕಿರುವ ಯಮನಾಪುರದ ಅಲ್ಯುಮಿನಾ ಕಾರ್ಖಾನೆ ಹಳಬರ ಬಾಯಲ್ಲಿ ಇನ್ನೂ ‘ಇಂಡಾಲ್’. ಆ ಕಂಪನಿ 2000ರಲ್ಲೇ ಹಿಂಡಾಲ್ಕೊ ಕೈಗೆ ಬಂತು. ಬಾಕ್ಸೈಟ್ ಅದಿರನ್ನು ಅರೆದು, ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಬೇಯಿಸಿ, ಕೆಂಪು ರಾಡಿಯನ್ನು ಬೇರ್ಪಡಿಸಿ ಅಲ್ಯುಮಿನಾ ತೆಗೆಯುವ ಈ ವಿಧಾನ ಕಾರ್ಲ್ ಬೇಯರ್ ಅವರದು. ಕಾಲ 1880ರ ದಶಕದ ಕೊನೆ.

ಇಂಥ ದ್ರಾವಣ ತುಂಬಿದ ಟ್ಯಾಂಕಿನ ಮಟ್ಟ ಅಳೆಯುವುದು ನೀರಿನ ತೊಟ್ಟಿಗೆ ಕೋಲು ಇಳಿಬಿಟ್ಟಷ್ಟು ಸುಲಭವಲ್ಲ. ದ್ರಾವಣ ಮೈಗೆ ಸಿಡಿದರೆ ಚರ್ಮ ಸುಡುತ್ತದೆ. ಮುಳುಗಿಸಿದ ಉಪಕರಣದ ಮೇಲೆ ಕಲ್ಲಿನಂಥ ಪದರ ಕಟ್ಟುತ್ತದೆ. ತೇಲುಬುಂಡೆ ಅಲ್ಲೇ ಸಿಕ್ಕಿಕೊಂಡು, ಟ್ಯಾಂಕು ಖಾಲಿಯಾದರೂ ‘ತುಂಬಿದೆ’ ಎಂದು ತೋರಿಸಬಹುದು.

ತಳದ ಒತ್ತಡದಿಂದ ಲೆಕ್ಕ ಹಾಕುವುದು ಇನ್ನೊಂದು ದಾರಿ. 10 ಮೀಟರ್ ನೀರಿನ ಒತ್ತಡ ಸುಮಾರು 98 ಕಿಲೋಪಾಸ್ಕಲ್, ನೀರಿಗಿಂತ 1.3 ಪಟ್ಟು ಸಾಂದ್ರವಾದ ದ್ರಾವಣದ್ದು ಸುಮಾರು 127. ಸಾಂದ್ರತೆ ಬದಲಾದರೆ ಮಟ್ಟದ ಲೆಕ್ಕವೂ ತಪ್ಪುತ್ತದೆ.

ಆದ್ದರಿಂದ ದ್ರಾವಣವನ್ನು ಮುಟ್ಟದ ರೇಡಾರ್ ಬಂತು. ಟ್ಯಾಂಕಿನ ನೆತ್ತಿಯಿಂದ ಹೊರಟ ಸೂಕ್ಷ್ಮತರಂಗ ದ್ರವದ ಮೇಲ್ಮೈಗೆ ಬಡಿದು ಮರಳುತ್ತದೆ. ಮೇಲ್ಮೈ 3 ಮೀಟರ್ ಕೆಳಗಿದ್ದರೆ ಹೋಗಿ ಬರಲು 20 ನ್ಯಾನೋಸೆಕೆಂಡು, ಅಂದರೆ ಸೆಕೆಂಡಿನ 5 ಕೋಟಿಯಲ್ಲಿ ಒಂದು ಪಾಲು. ಹಬೆ ದಟ್ಟವಾಗಿದ್ದರೂ ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೆ ನೊರೆ ಅದಕ್ಕೂ ಕಾಟವೇ.

ಒತ್ತಡದ ಪಾತ್ರೆಗಳಿಗೆ ಗಾಮಾ ಕಿರಣದ ಅಳತೆಗಾರನೂ ಉಂಟು. ಕಿರಣದ ಮೂಲ ಒಂದು ಬದಿಗೆ, ಪತ್ತೆಕಾರಕ ಎದುರು ಬದಿಗೆ, ಎರಡೂ ಉಕ್ಕಿನ ಗೋಡೆಯ ಹೊರಗೇ.