ಹಸಿರು ಚಿಗುರಿನ ಮಾತು

ಆರ್ಥಿಕ ಸ್ಥಿತಿ ಈಗಷ್ಟೇ ಸುಧಾರಿಸತೊಡಗಿದೆ ಎನ್ನಲು ಇಂಗ್ಲಿಷಿನಲ್ಲಿ ಬಳಸುವ 'ಗ್ರೀನ್ ಶೂಟ್ಸ್' ಎಂಬ ಮಾತು ನಮ್ಮ ಪತ್ರಿಕೆ ಓದುಗರಿಗೂ ಪರಿಚಿತವೇ. ಹಸಿರು ಚಿಗುರು ಎಂದು ಅದರ ಅರ್ಥ. ಚಳಿಗಾಲ ಕಳೆದು ಮಣ್ಣಿನಿಂದ ಮೊದಲ ಮೊಳಕೆ ಇಣುಕಿತೆಂದರೆ ಇಂಗ್ಲೆಂಡಿನಲ್ಲಿ ವಸಂತ ಬಂದಂತೆ. ಬಂದದ್ದು ಮೊಳಕೆಯಷ್ಟೇ, ಫಸಲಲ್ಲ. ಮೊಳಕೆ ತೋರಿಸಿ ಸಾಲ ತೀರಿಸಲಾಗದು ಎಂಬುದು ಯಾವ ರೈತನಿಗೂ ಗೊತ್ತು. ಮಂತ್ರಿಗಳಿಗೆ ಅದು ಸ್ವಲ್ಪ ತಡವಾಗಿ ಗೊತ್ತಾಗುತ್ತದೆ.

1991ರ ಅಕ್ಟೋಬರ್‌ನಲ್ಲಿ ಬ್ರಿಟನ್ ಹಿಂಜರಿತದಲ್ಲಿ ನರಳುತ್ತಿತ್ತು. ಬ್ಲ್ಯಾಕ್‌ಪೂಲ್‌ನಲ್ಲಿ ಸೇರಿದ್ದ ಕನ್ಸರ್ವೇಟಿವ್ ಪಕ್ಷದ ಸಮ್ಮೇಳನದಲ್ಲಿ ಹಣಕಾಸು ಸಚಿವ ನಾರ್ಮನ್ ಲಾಮಾಂಟ್, ಆರ್ಥಿಕ ವಸಂತದ ಹಸಿರು ಚಿಗುರುಗಳು ಮತ್ತೆ ಕಾಣಿಸುತ್ತಿವೆ ಎಂದು ಸಾರಿದರು. ಆದರೆ ನಿರುದ್ಯೋಗಿಗಳ ಸಂಖ್ಯೆ ಏರುತ್ತಲೇ ಹೋಗಿ 1993ರ ಆರಂಭಕ್ಕೆ 30 ಲಕ್ಷದ ಸಮೀಪ ಬಂತು. ಈ ನಡುವೆ 1992ರ ಸೆಪ್ಟೆಂಬರ್ 16ರಂದು ಪೌಂಡನ್ನು ಉಳಿಸಲು ಬಡ್ಡಿದರವನ್ನು ಶೇ 10ರಿಂದ 12ಕ್ಕೆ ಏರಿಸಿದ ಸರ್ಕಾರ, 15ಕ್ಕೆ ಏರಿಸುವುದಾಗಿಯೂ ಹೇಳಿ, ಸಂಜೆಯ ಹೊತ್ತಿಗೆ ಯೂರೋಪಿನ ವಿನಿಮಯ ದರ ವ್ಯವಸ್ಥೆಯಿಂದಲೇ ಹೊರಬಿದ್ದಿತು. ಮರುವರ್ಷ ಮೇ ತಿಂಗಳಲ್ಲಿ ಲಾಮಾಂಟ್ ಪದವಿ ಹೋಯಿತು. ಚಿಗುರಿನ ಮಾತು ಮಾತ್ರ ಅಪಹಾಸ್ಯವಾಗಿ ಅವರ ಹೆಸರಿಗೆ ಅಂಟಿಕೊಂಡಿತು.

ಅವರಿಗೆ ತುಸು ಅನ್ಯಾಯವೂ ಆಯಿತೆನ್ನಬೇಕು. ಮುಂದೆ ಪರಿಷ್ಕರಿಸಿದ ಲೆಕ್ಕಗಳ ಪ್ರಕಾರ, ಅವರು ಮಾತನಾಡಿದ ಹೊತ್ತಿಗೆ ಉತ್ಪಾದನೆಯ ಕುಸಿತ ನಿಲ್ಲುತ್ತ ಬಂದಿತ್ತು. ಆದರೆ ಕಾರ್ಖಾನೆ ಚೇತರಿಸಿಕೊಂಡ ಎಷ್ಟೋ ತಿಂಗಳ ಮೇಲೆ ಹೊಸಬರಿಗೆ ಕೆಲಸ ಸಿಗುವುದು. ಅಂಕಿಅಂಶದ ವಸಂತ ಮನೆಯಲ್ಲಿ ಕುಳಿತ ಕಾರ್ಮಿಕನ ಪಾಲಿಗೆ ಇನ್ನೂ ಮಾಗಿಯ ಚಳಿಯೇ.

ಇಷ್ಟೆಲ್ಲ ಆದ ಮೇಲೂ ಮಾತು ಸಾಯಲಿಲ್ಲ. 2009ರ ಜನವರಿಯಲ್ಲಿ ಬ್ರಿಟನ್ನಿನ ಸಚಿವೆ ಶ್ರಿತಿ ವಡೇರಾ ಕೆಲವು ಚಿಗುರು ಕಾಣುತ್ತಿವೆ ಎಂದು ಟೀವಿಯಲ್ಲಿ ಹೇಳಿ ಟೀಕೆಗೆ ಸಿಕ್ಕಿಕೊಂಡರು. ಅದೇ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಬೆನ್ ಬರ್ನಾಂಕೆ ಕೂಡ ಇದೇ ಮಾತಾಡಿದರು. ಷೇರುಪೇಟೆ ಆ ತಿಂಗಳೇ ತಿರುಗಿತು, ಅವರ ಮಾತು ಗೆದ್ದಂತಾಯಿತು. ನಿರುದ್ಯೋಗ ಮಾತ್ರ ಅಕ್ಟೋಬರ್‌ವರೆಗೂ ಏರಿ ಶೇ 10 ಮುಟ್ಟಿತು.

ನಮ್ಮ ಸಂಸತ್ತಿಗೂ ಈ ಚಿಗುರು ಬಂದದ್ದುಂಟು. 2020ರ ಫೆಬ್ರುವರಿಯಲ್ಲಿ ಬಜೆಟ್ ಚರ್ಚೆಗೆ ಉತ್ತರಿಸುತ್ತ, ಕರ್ನಾಟಕದಿಂದ ರಾಜ್ಯಸಭೆಗೆ ಹೋದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಆರ್ಥಿಕತೆಯಲ್ಲಿ ಹಸಿರು ಚಿಗುರು ಕಾಣುತ್ತಿದೆ ಎಂದು ಏಳು ಸೂಚಕಗಳನ್ನು ಮುಂದಿಟ್ಟರು. ಅವು ಬೇರೂರುತ್ತಿದ್ದವೋ ಇಲ್ಲವೋ ನೋಡಲು ಯಾರಿಗೂ ವ್ಯವಧಾನ ಸಿಗಲಿಲ್ಲ. ಮಾರ್ಚ್ 24ರ ರಾತ್ರಿ ದೇಶಕ್ಕೆ ಲಾಕ್‌ಡೌನ್ ಬಿತ್ತು.