98 ಸೆಂಟಿನ ದೆವ್ವ

ತಿಪಟೂರಿನ ನಮ್ಮ ಮನೆಯ ಬಚ್ಚಲು ಹಿತ್ತಿಲಿನಲ್ಲಿತ್ತು. ಅಡುಗೆಮನೆಯ ಬಾಗಿಲಿನಿಂದ ಅಲ್ಲಿಗೆ ಹತ್ತು ಹೆಜ್ಜೆಯ ಒಂದು ಓಣಿ. ಒಂದು ಬದಿಗೆ ಸೌದೆ, ತೆಂಗಿನ ಮಟ್ಟೆ, ಇನ್ನೊಂದು ಬದಿಗೆ ಹಳೆಯ ಗೋಣಿಚೀಲಗಳು. ಬಲ್ಬು ಇತ್ತು. ಅದರ ಸ್ವಿಚ್ಚು ಮಾತ್ರ ಬಚ್ಚಲಿನ ಬಾಗಿಲ ಪಕ್ಕ, ಓಣಿಯ ಆ ತುದಿಯಲ್ಲಿ. ದೀಪ ಹಾಕಬೇಕಾದರೆ ಮೊದಲು ಕತ್ತಲು ದಾಟಬೇಕು. ಎಂಟು ವರ್ಷದ ನನಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿರಲಿಲ್ಲ.

ಆ ದಿನಗಳಲ್ಲಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ‘ಕರೇಜ್ ದ ಕವರ್ಡ್ಲಿ ಡಾಗ್’ ಬರುತ್ತಿತ್ತು. ಕನ್ಸಾಸ್‌ನ ಬಯಲಿನಲ್ಲಿ ಒಂಟಿ ಮನೆ, ಸಿಡುಕ ಮುದುಕ, ಮೃದು ಮನಸ್ಸಿನ ಮುದುಕಿ, ಎಲ್ಲಕ್ಕೂ ನಡುಗುವ ಗುಲಾಬಿ ಬಣ್ಣದ ನಾಯಿ. ಜಾನ್ ಡಿಲ್‌ವರ್ತ್ ಎಂಬಾತ ಮಾಡಿದ ಈ ಸರಣಿ ಅಮೆರಿಕದಲ್ಲಿ 1999ರಿಂದ 2002ರವರೆಗೆ ಮೊದಲ ಸಲ ಪ್ರಸಾರವಾದದ್ದು ಎಂಬುದೆಲ್ಲ ಈಗ ಗೊತ್ತು. ಆಗ ನಮಗೆ ಗೊತ್ತಿದ್ದದ್ದು ರಾಮ್ಸೆಸ್ ಒಬ್ಬನೇ. ಕದ್ದ ಕಲ್ಲಿನ ಫಲಕವನ್ನು ವಾಪಸು ಕೇಳಲು ರಾತ್ರಿ ಹೊಲದಲ್ಲಿ ಬಂದು ನಿಲ್ಲುವ ಈಜಿಪ್ಟಿನ ರಾಜ. ಉಳಿದ ಚಿತ್ರವೆಲ್ಲ ಕೈಯಲ್ಲಿ ಬರೆದಂತಿದ್ದರೆ ಅವನೊಬ್ಬ ಕಂಪ್ಯೂಟರಿನಲ್ಲಿ ಮಾಡಿದವನು. ಗಾಳಿಗೆ ಸಿಕ್ಕ ಹಾಳೆಯಂತೆ ತೂಗಾಡುತ್ತಿದ್ದ. ಅವನಾಡುವ ಇಂಗ್ಲಿಷು ನಮಗೆ ತಿಳಿಯುತ್ತಿರಲಿಲ್ಲ. ತಿಳಿಯದ್ದರಿಂದಲೇ ಹೆದರಿಕೆ ಹೆಚ್ಚಾಗುತ್ತಿತ್ತೋ ಏನೋ.

ಓಣಿಯಲ್ಲಿ ರಾಮ್ಸೆಸ್ ಇದ್ದಾನೆ ಎಂದು ನಾನು ಅತ್ತಾಗ ಅಣ್ಣ ಸಮಾಧಾನ ಮಾಡಲಿಲ್ಲ. ‘ಹಂಗಾದ್ರೆ ಅವನನ್ನ ಮಾಡೇಬಿಡೋಣ ಬಾ’ ಎಂದ. ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬ, ಮೈದಾ ಹಿಟ್ಟಿನ ಅಂಟು, ಹಳೆ ಕ್ಯಾಲೆಂಡರು, ಕಣ್ಣಿಗೆ ಜಿಲೆಟಿನ್ ಪೇಪರು. ಬಾಯಿ ಮಾತ್ರ ಈಜಿಪ್ಟಿನದಲ್ಲ. ಪಕ್ಕದ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಗೆ ನೇತುಹಾಕಿದ್ದ ದೃಷ್ಟಿಬೊಂಬೆಯದು. ಕೋರೆಹಲ್ಲು, ಹೊರಚಾಚಿದ ಕೆಂಪು ನಾಲಿಗೆ. ಅವನನ್ನು ಸ್ವಿಚ್ಚಿನ ಕೆಳಗೇ ನಿಲ್ಲಿಸಿದೆವು. ಅಂದಿನಿಂದ ನಾನು ಬಚ್ಚಲಿಗೆ ಒಬ್ಬಳೇ ಹೋಗತೊಡಗಿದೆ. ಹೆದರಿಕೆ ಇದ್ದೇ ಇತ್ತು, ಆದರೆ ಅದು ಎಲ್ಲಿ ನಿಂತಿದೆಯೆಂದು ಈಗ ಗೊತ್ತಿತ್ತು. ಎರಡು ಮೂರು ವಾರ ಕಳೆದಿರಬೇಕು. ಒಂದು ಶನಿವಾರ ಎಣ್ಣೆಸ್ನಾನಕ್ಕೆ ನೀರು ಕಾಯಿಸುವಾಗ ಅಜ್ಜಿ ಅವನನ್ನು ಮಡಚಿ ಹಂಡೆ ಒಲೆಗೆ ಹಾಕಿದರು. ‘ಅಂಥದ್ದೆಲ್ಲ ಮನೆ ಒಳಗೆ ಇಟ್ಕೋಬಾರ್ದು ಕಣ್ರೋ’ ಎಂದರು, ಅಷ್ಟೆ.

ಸಂಶೋಧನೆಗೆಂದು ಎರಡನೇ ಮಹಾಯುದ್ಧದ ನಂತರದ ಮಕ್ಕಳ ಆಟಿಕೆಗಳ ಬಗ್ಗೆ ಓದುತ್ತಿರುವಾಗ ನನಗೆ ರಾಮ್ಸೆಸ್ ಮತ್ತೆ ನೆನಪಾದ. ನಾವಿಬ್ಬರು ರಟ್ಟಿನಲ್ಲಿ ಮಾಡಿದ್ದನ್ನು 1960ರ ದಶಕದ ಅಮೆರಿಕದ ಮಕ್ಕಳು ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದರು. ಅಲ್ಲಿ ಅಜ್ಜಿಯ ಪಾತ್ರವನ್ನು ವಹಿಸಿದ್ದು ಸೆನೆಟ್ಟು.

ಕತೆ 1954ಕ್ಕೆ ಹೋಗುತ್ತದೆ. ಫ್ರೆಡ್ರಿಕ್ ವರ್ಥಾಮ್ ಎಂಬ ಮನೋವೈದ್ಯ ಆ ವರ್ಷ ‘ಸೆಡಕ್ಷನ್ ಆಫ್ ದ ಇನೊಸೆಂಟ್’ ಎಂಬ ಪುಸ್ತಕ ಪ್ರಕಟಿಸಿ, ಅಪರಾಧ ಮತ್ತು ಭಯದ ಕಾಮಿಕ್ಸುಗಳು ಮಕ್ಕಳನ್ನು ಕೆಡಿಸುತ್ತವೆ ಎಂದು ವಾದಿಸಿದ. ಏಪ್ರಿಲ್‌ನಲ್ಲಿ ಸೆನೆಟ್ಟಿನ ಉಪಸಮಿತಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು. ಭಯದ ಕಾಮಿಕ್ಸುಗಳಿಗೆ ಹೆಸರಾಗಿದ್ದ ಇ.ಸಿ. ಕಂಪನಿಯ ವಿಲಿಯಂ ಗೇನ್ಸ್, ಕತ್ತರಿಸಿದ ತಲೆಯಿದ್ದ ಮುಖಪುಟವನ್ನು ಸಮರ್ಥಿಸಲು ಹೋಗಿ ಸಿಕ್ಕಿಬಿದ್ದ. ಸರ್ಕಾರ ಕಾನೂನು ತರುವ ಮೊದಲೇ ಪ್ರಕಾಶಕರು ತಮಗೆ ತಾವೇ ‘ಕಾಮಿಕ್ಸ್ ಕೋಡ್’ ಹಾಕಿಕೊಂಡರು. ಶೀರ್ಷಿಕೆಯಲ್ಲಿ ‘ಹಾರರ್’ ಎಂಬ ಪದ ಕೂಡದು; ರಕ್ತಪಿಶಾಚಿ, ತೋಳಮನುಷ್ಯ, ನಡೆದಾಡುವ ಹೆಣ ಯಾವುದೂ ಕೂಡದು. ದೆವ್ವಗಳನ್ನು ನಿಯಮಾವಳಿ ಬರೆದು ಓಡಿಸಿದ್ದು ಅದೇ ಮೊದಲಿರಬೇಕು.

ವರ್ಥಾಮ್‌ನನ್ನು ಬೈದು ಮುಂದೆ ಹೋಗುವುದು ಸುಲಭ. ಅವನ ಖಾಸಗಿ ಕಾಗದಪತ್ರಗಳು 2010ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಂಶೋಧಕರಿಗೆ ಸಿಕ್ಕವು. ಕ್ಯಾರಲ್ ಟಿಲ್ಲಿ ಅವನ್ನು ಪುಸ್ತಕದ ಜೊತೆ ಹೋಲಿಸಿ ನೋಡಿ, ಮಕ್ಕಳ ಹೇಳಿಕೆಗಳನ್ನು ಅವನು ತನ್ನ ವಾದಕ್ಕೆ ಒಗ್ಗುವಂತೆ ತಿದ್ದಿದ್ದಾನೆಂದು 2012ರಲ್ಲಿ ತೋರಿಸಿದರು. ಆದರೆ ಇದೇ ಮನುಷ್ಯ 1946ರಲ್ಲಿ ಹಾರ್ಲೆಮ್‌ನಲ್ಲಿ, ಬೇರೆಡೆ ಚಿಕಿತ್ಸೆ ಸಿಗದ ಕಪ್ಪುಜನರಿಗಾಗಿ ಮನೋವೈದ್ಯಕೀಯ ಕ್ಲಿನಿಕ್ ತೆರೆದಿದ್ದ. ಶಾಲೆಗಳಲ್ಲಿನ ವರ್ಣಭೇದದ ವಿರುದ್ಧದ ಮೊಕದ್ದಮೆಗೂ ಅವನ ಸಾಕ್ಷ್ಯ ನೆರವಾಗಿತ್ತು. ಮಕ್ಕಳ ಮೇಲಿನ ಕಾಳಜಿ ಸುಳ್ಳಲ್ಲ. ಮಕ್ಕಳು ಹೇಳಿದ್ದನ್ನು ಹಾಗೇ ಕೇಳಿಸಿಕೊಳ್ಳುವ ತಾಳ್ಮೆ ಮಾತ್ರ ಇರಲಿಲ್ಲ. ಈ ಎರಡೂ ಒಟ್ಟಿಗಿರುವ ಹಿರಿಯರನ್ನು ನಾವೆಲ್ಲ ಬಲ್ಲೆವು.

ಮುಂಬಾಗಿಲು ಮುಚ್ಚಿದಾಗ ದೆವ್ವಗಳು ಟಿ.ವಿ.ಯ ಕಿಟಕಿಯಿಂದ ಬಂದವು. 1957ರ ಅಕ್ಟೋಬರಿನಲ್ಲಿ ‘ಶಾಕ್ ಥಿಯೇಟರ್’ ಹೆಸರಿನಲ್ಲಿ ಯೂನಿವರ್ಸಲ್ ಸ್ಟುಡಿಯೋದ 52 ಹಳೆಯ ಚಿತ್ರಗಳ ಕಟ್ಟನ್ನು ಸ್ಥಳೀಯ ಟಿ.ವಿ. ಕೇಂದ್ರಗಳಿಗೆ ಮಾರಲಾಯಿತು. 1931ರ ‘ಫ್ರಾಂಕನ್‌ಸ್ಟೈನ್’, ‘ಡ್ರಾಕುಲಾ’ ಎಲ್ಲ ಅದರಲ್ಲಿದ್ದವು. ಅಪ್ಪಂದಿರು ಹೆದರಿದ್ದ ಸಿನಿಮಾವನ್ನು ಮಕ್ಕಳು ನಡುಮನೆಯಲ್ಲಿ ಕೂತು ನೋಡಿದರು. ನಡುನಡುವೆ ಹೆಣದ ವೇಷ ಹಾಕಿದ ನಿರೂಪಕರು ಬಂದು ತಮಾಷೆ ಮಾಡುತ್ತಿದ್ದರು. ಫಿಲಡೆಲ್ಫಿಯಾದಲ್ಲಿ ಜಾನ್ ಜ್ಯಾಕರ್ಲಿ ಅಂಥವರಲ್ಲಿ ಪ್ರಸಿದ್ಧ. (ಫ್ರಾಂಕನ್‌ಸ್ಟೈನನ ಸೃಷ್ಟಿಯಾಗಿ ನಟಿಸಿದ ಬೋರಿಸ್ ಕಾರ್ಲಾಫ್‌ನ ನಿಜ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. ತಂದೆ ಬ್ರಿಟಿಷ್ ಇಂಡಿಯಾದ ಉಪ್ಪಿನ ಸುಂಕದ ಇಲಾಖೆಯಲ್ಲಿದ್ದವರು, ಮನೆತನದಲ್ಲಿ ಭಾರತದ ರಕ್ತವೂ ಬೆರೆತಿತ್ತು. ಆ ಮುಖದಲ್ಲಿ ನಮ್ಮ ಕಡೆಯ ಪಾಲೂ ಇದೆ ಎಂಬುದು ನನಗೆ ಯಾಕೋ ಖುಷಿ ಕೊಡುವ ಸಂಗತಿ.) 1958ರಲ್ಲಿ ಜೇಮ್ಸ್ ವಾರನ್ ಮತ್ತು ಫಾರೆಸ್ಟ್ ಆಕರ್ಮನ್ ‘ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ಪತ್ರಿಕೆ ತಂದರು. ಅದು ಕಾಮಿಕ್ಸ್ ಅಲ್ಲ, ಸಿನಿಮಾ ಪತ್ರಿಕೆ. ಕೋಡ್ ಅದಕ್ಕೆ ತಾಗುತ್ತಿರಲಿಲ್ಲ.

ಆಮೇಲೆ ಬಂದದ್ದು ಅಂಟಿನ ಟ್ಯೂಬು. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿದ್ದ ಆರೋರಾ ಪ್ಲಾಸ್ಟಿಕ್ಸ್ ಕಂಪನಿ ವಿಮಾನ, ಹಡಗು, ಕಾರುಗಳ ಮಾಡೆಲ್ ಕಿಟ್ ಮಾಡುತ್ತಿತ್ತು. 1961ರಲ್ಲಿ ಅದು ಫ್ರಾಂಕನ್‌ಸ್ಟೈನನ ಕಿಟ್ ತಂದಿತು. ಮುಂದೆ ಡ್ರಾಕುಲಾ, ತೋಳಮನುಷ್ಯ, ಮಮ್ಮಿ ಸಾಲುಗಟ್ಟಿದವು. ಬೆಲೆ 98 ಸೆಂಟು. ಪೆಟ್ಟಿಗೆಯ ಮೇಲೆ ಜೇಮ್ಸ್ ಬಾಮಾ ಬರೆದ ಮೈ ಜುಮ್ಮೆನಿಸುವ ಬಣ್ಣದ ಚಿತ್ರ. ಒಳಗೆ ನೋಡಿದರೆ ಬಣ್ಣವಿಲ್ಲದ ತುಂಡುಗಳು. ಕೈ, ಕಾಲು, ಎರಡು ಹೋಳು ತಲೆ. ಪಾಲಿಸ್ಟೈರೀನ್‌ಗೆ ಹಚ್ಚುವ ಅಂಟು ನಮ್ಮ ಮೈದಾ ಅಂಟಿನಂಥದ್ದಲ್ಲ. ಅದು ಪ್ಲಾಸ್ಟಿಕ್ಕಿನ ಅಂಚನ್ನೇ ಕರಗಿಸಿ ಎರಡು ತುಂಡನ್ನು ಒಂದು ಮಾಡುತ್ತದೆ. ಹೆಚ್ಚು ಹಚ್ಚಿದರೆ ಬೆರಳಿನ ಗುರುತು ಮೂಗಿನ ಮೇಲೆ ಶಾಶ್ವತವಾಗಿ ಉಳಿಯುತ್ತದೆ. ಮಕ್ಕಳು ಅದನ್ನು ಮೂಸತೊಡಗಿದಾಗ ಟೆಸ್ಟರ್ಸ್ ಕಂಪನಿ 1969ರಲ್ಲಿ ಅಂಟಿಗೆ ಸಾಸಿವೆಯ ಘಾಟಿನ ಎಣ್ಣೆಯನ್ನೇ ಬೆರೆಸಿತು. ಒಗ್ಗರಣೆ ಸೀದ ಮನೆಯಲ್ಲಿ ಕೂತು ದೆವ್ವ ಕಟ್ಟಿದ ಹಾಗೆ.

ಫ್ರಾಂಕನ್‌ಸ್ಟೈನನ ಕತೆಯೇ ತುಂಡುಗಳಿಂದ ಮನುಷ್ಯನನ್ನು ಜೋಡಿಸಿದ ಕತೆ. ಹತ್ತು ವರ್ಷದ ಹುಡುಗ ಅದನ್ನು ಊಟದ ಮೇಜಿನ ಮೇಲೆ ಮತ್ತೊಮ್ಮೆ ಮಾಡುತ್ತಿದ್ದ, ಪತ್ರಿಕೆ ಹಾಸಿಕೊಂಡು, ತಾಯಿ ಎಬ್ಬಿಸುವವರೆಗೆ. ಚರ್ಮಕ್ಕೆ ಯಾವ ಹಸಿರು ಎಂಬುದನ್ನು ಅವನೇ ತೀರ್ಮಾನಿಸಬೇಕು, ಯಾಕೆಂದರೆ ಸಿನಿಮಾ ಕಪ್ಪು-ಬಿಳುಪು. 1964ರಲ್ಲಿ ಕಿಟ್ಟುಗಳನ್ನು ತಮಗೆ ತೋಚಿದಂತೆ ಬದಲಾಯಿಸಿ ಕಟ್ಟಿದ ಮಕ್ಕಳಿಗಾಗಿ ಸ್ಪರ್ಧೆಯೇ ನಡೆಯಿತು. ಒಬ್ಬನ ತಲೆ ಇನ್ನೊಬ್ಬನಿಗೆ ಹೋಯಿತು, ನಮ್ಮ ರಾಮ್ಸೆಸ್‌ಗೆ ದೃಷ್ಟಿಬೊಂಬೆಯ ನಾಲಿಗೆ ಬಂದಂತೆ.

ಇದೆಲ್ಲ ನಿರಪಾಯ ಎಂದು ನಾನು ಹೇಳಲಾರೆ. 1971ರಲ್ಲಿ ಆರೋರಾ ‘ಮಾನ್‌ಸ್ಟರ್ ಸೀನ್ಸ್’ ಎಂಬ ಹೊಸ ಮಾಲೆ ತಂದಿತು. ಹಿಂಸೆಯ ಕೋಣೆ, ಪಂಜರ, ಹುಚ್ಚು ವೈದ್ಯ. ಅವನ ಕೈಗೆ ಸಿಗಲು ಅರೆಬಟ್ಟೆಯ ಒಬ್ಬ ಹುಡುಗಿ. ಅವಳಿಗೆ ಹೆಸರೂ ಇರಲಿಲ್ಲ, ಪೆಟ್ಟಿಗೆಯ ಮೇಲೆ ಇದ್ದದ್ದು ‘ಬಲಿಪಶು’ ಎಂದಷ್ಟೆ. ಅದೇ ವರ್ಷ ಆರೋರಾವನ್ನು ಕೊಂಡಿದ್ದು ನಬಿಸ್ಕೊ, ಮಕ್ಕಳ ಬಿಸ್ಕತ್ತಿನ ಕಂಪನಿ. ಅದರ ಕಚೇರಿಯ ಮುಂದೆ ಪ್ರತಿಭಟನೆ ನಡೆಯಿತು, ಮಾಲೆ ಅಮೆರಿಕದ ಅಂಗಡಿಗಳಿಂದ ಹೊರಬಿತ್ತು. ಆ ಕಾಲದ ನೆನಪು ಬರೆಯುವ ಗಂಡಸರು ಇದನ್ನು ಹಾಳು ಮಡಿವಂತಿಕೆ ಎಂದು ಹಳಿಯುವುದನ್ನು ಓದಿದ್ದೇನೆ. ನಾನು ಒಪ್ಪುವುದಿಲ್ಲ. ಹೆದರಿಸುವ ದೆವ್ವವನ್ನು ಕಟ್ಟುವುದು ಬೇರೆ, ಹೆದರುವ ಹುಡುಗಿಯನ್ನು ಕಟ್ಟುವುದು ಬೇರೆ. 1954ರಲ್ಲಿ ದೊಡ್ಡವರು ತಪ್ಪಿದರು, 1971ರಲ್ಲಿ ಬೀದಿಗಿಳಿದವರು ತಪ್ಪಲಿಲ್ಲ. ವಿಚಿತ್ರವೆಂದರೆ ಅದೇ 1971ರಲ್ಲಿ ಕಾಮಿಕ್ಸ್ ಕೋಡ್ ಸಡಿಲಗೊಂಡು, ಹಳೆಯ ಸಾಹಿತ್ಯದ ಮರ್ಯಾದೆಯಲ್ಲಿ ಬರುವುದಾದರೆ ರಕ್ತಪಿಶಾಚಿಗಳು ಬರಬಹುದು ಎಂದಾಯಿತು.

ಕಾರ್ಟೂನುಗಳು ಇನ್ನೊಂದು ರಾಜಿ ಹುಡುಕಿದವು. ಶನಿವಾರ ಬೆಳಗಿನ ಕಾರ್ಟೂನುಗಳಲ್ಲಿ ಹೊಡೆದಾಟ ಹೆಚ್ಚೆಂದು ತಂದೆತಾಯಿಗಳ ಸಂಘಗಳು ದೂರುತ್ತಿದ್ದ ಹೊತ್ತಿನಲ್ಲಿ, 1969ರ ಸೆಪ್ಟೆಂಬರಿನಲ್ಲಿ ಹ್ಯಾನ್ನಾ-ಬಾರ್ಬೆರಾದ ‘ಸ್ಕೂಬಿ-ಡೂ’ ಬಂತು. ಮೊದಲ ರೂಪ ಮಕ್ಕಳಿಗೆ ಅತಿ ಭೀಕರವಾಯಿತೆಂದು ವಾಹಿನಿ ತಿರಸ್ಕರಿಸಿ, ನಾಯಿಯನ್ನು ಮುಂದೆ ತಂದು ನಗು ಬೆರೆಸಿದ ಮೇಲೆ ಒಪ್ಪಿದ ಸರಣಿ ಅದು. ಕೊನೆಗೆ ಮುಖವಾಡ ಕಿತ್ತರೆ ಒಳಗೆ ಜಮೀನು ನುಂಗಲು ಹೊರಟವನೋ ಕಳ್ಳಸಾಗಣೆಯವನೋ ಇರುತ್ತಿದ್ದ. ವಿಚಾರವಾದಿಗಳಿಗೆ ಇಷ್ಟವಾಗುವ ಮುಕ್ತಾಯ. ಆದರೆ ನನಗೂ ಅಣ್ಣನಿಗೂ ಸ್ಕೂಬಿಯ ದೆವ್ವಗಳು ನೆನಪಿಲ್ಲ. 1995ರಲ್ಲಿ ಭಾರತಕ್ಕೆ ಬಂದ ಕಾರ್ಟೂನ್ ನೆಟ್‌ವರ್ಕ್ ನಮಗೆ ಇಬ್ಬರನ್ನೂ ತೋರಿಸಿತು. ಉಳಿದವನು ರಾಮ್ಸೆಸ್, ಅವನಿಗೆ ಮುಖವಾಡವಿರಲಿಲ್ಲ. ಕರೇಜ್‌ನ ಮನೆಯಲ್ಲಿ ಹಸಿರು ಮುಖವಾಡ ಹಾಕಿಕೊಂಡು ನಾಯಿಯನ್ನು ಹೆದರಿಸುವವನು ಮನೆಯ ಯಜಮಾನನೇ.

ಈಗ ಆರೋರಾ ಕಿಟ್ಟುಗಳು ಹಳೆ ಸಾಮಾನು ಸಂಗ್ರಹಿಸುವವರ ನಡುವೆ ಕೈಬದಲಾಗುತ್ತವೆ. 1990ರ ದಶಕದಲ್ಲಿ ಪೋಲಾರ್ ಲೈಟ್ಸ್ ಎಂಬ ಕಂಪನಿ, ಹೆಸರಿನಲ್ಲೇ ಆರೋರಾಕ್ಕೆ ನಮಸ್ಕಾರ ಹೇಳಿ, ಕೆಲವನ್ನು ಮರುತಯಾರಿಸಿತು. ಬೆಳೆದು ನಿಂತ ಮಕ್ಕಳು ಕೊಂಡರು. ಮಾರಾಟದ ಪಟ್ಟಿಗಳನ್ನು ಓದುತ್ತ ನನ್ನನ್ನು ತಡೆದದ್ದು ಬೆಲೆಯ ಕ್ರಮ. ಹೆಚ್ಚು ಬೆಲೆ ತೆರೆಯದ ಪೆಟ್ಟಿಗೆಗೆ, ಆಮೇಲೆ ತೆರೆದರೂ ಜೋಡಿಸದ್ದಕ್ಕೆ. ಅಂಟು ಸೋರಿದ, ಬಣ್ಣ ಹಚ್ಚಿದ, ಕೈ ಮುರಿದ ಡ್ರಾಕುಲಾ ಕೊನೆಗೆ. ಯಾವ ಮಗುವೂ ಮುಟ್ಟದ ಆಟಿಕೆಯನ್ನು ನಾವು ಬಾಲ್ಯವೆಂದು ಕಾಪಾಡುತ್ತಿದ್ದೇವೆ. ನನ್ನಂಥವರಿಗೆ ಆಕರವಾಗಿ ಸಿಗುವುದೂ ಅವೇ. ತನ್ನ ಕೆಲಸ ಮಾಡಿ ಮುಗಿಸಿದ ದೆವ್ವ ಎಲ್ಲೂ ಉಳಿಯುವುದಿಲ್ಲ.

ಒಂದು ಕಡೆ ಉಳಿದಿದೆ. ಸ್ಟೀಫನ್ ಕಿಂಗ್‌ನ 1975ರ ಕಾದಂಬರಿ ‘ಸೇಲಂಸ್ ಲಾಟ್’ನಲ್ಲಿ ಮಾರ್ಕ್ ಎಂಬ ಹುಡುಗನ ಕೋಣೆಯಲ್ಲಿ ಇಂಥದೇ ಮಾಡೆಲ್‌ಗಳಿವೆ. ಸತ್ತ ಗೆಳೆಯ ರಕ್ತಪಿಶಾಚಿಯಾಗಿ ಕಿಟಕಿಗೆ ಬಂದಾಗ, ಅವನು ತಾನು ಕಟ್ಟಿದ ಪ್ಲಾಸ್ಟಿಕ್ ಸ್ಮಶಾನದಿಂದ ಶಿಲುಬೆಯೊಂದನ್ನು ಕಿತ್ತು ಹಿಡಿಯುತ್ತಾನೆ. ಅದು ಕೆಲಸ ಮಾಡುತ್ತದೆ. ಆ ಪುಟ ಓದಿದ ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ರಾಮ್ಸೆಸ್‌ನ ಕಣ್ಣು ಯಾವ ಬಣ್ಣ ಎಂದು ಕೇಳಿದೆ. ಕೆಂಪು ಎಂದ. ನನಗೆ ನೆನಪಿರುವುದು ಹಸಿರು. ಸ್ವಲ್ಪ ಜಗಳವಾಡಿದೆವು. ಆಮೇಲೆ ಅವನು ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದ: ಆ ಓಣಿಯಲ್ಲಿ ರಾತ್ರಿ ಹೊತ್ತು ಒಬ್ಬನೇ ಹೋಗಲು ಅವನಿಗೂ ಆಗುತ್ತಿರಲಿಲ್ಲವಂತೆ. ಅಜ್ಜಿ ಅದನ್ನು ಸುಟ್ಟ ಮೇಲೆ ಒಂದು ವಾರ ನನ್ನನ್ನೇ ಮುಂದೆ ಕಳಿಸಿ ಸ್ವಿಚ್ಚು ಹಾಕಿಸುತ್ತಿದ್ದನಂತೆ.